ನೆರೆಗೆ ಕಾದು ಕುಳಿತ ರೇಡಿಯೋ ಸಂಘ

ಲೋಕಸೇವೆಯ ಹುಚ್ಚು ಯಾರಿಗೂ ಹಿಡಿಯದಿರಲಿ. ಹಿಡಿದರೂ ಮದುವೆಯಾದವರಿಗೆ ಹಿಡಿಯದಿರಲಿ. ಚಿನ್ನಯ್ಯನೆಂಬ ನಾನು ಬಂಟ್ವಾಳದಲ್ಲಿ ಶಾಲಾ ಮಾಸ್ಟ್ರು (ಅಂದರೆ ಊರಿಗೆ ಬುದ್ಧಿ ಹೇಳಿ ಮನೆಯಲ್ಲಿ ಹೇಳಿಸಿಕೊಳ್ಳುವವನು), ಜೊತೆಗೆ ನಮ್ಮ ಹವ್ಯಾಸಿ ರೇಡಿಯೋ ಸಂಘದ ಕಾರ್ಯದರ್ಶಿ. ಸಂಘ ಎಂದರೆ ಮೂವರು: ಬೆಳ್ತಂಗಡಿಯಲ್ಲಿ ಅಕ್ಕಿ ಮಿಲ್ಲಿನ ನಿತ್ಯಾನಂದ, ಮೂಡಬಿದ್ರೆಯಲ್ಲಿ ಹೋಟೆಲಿನ ಧರ್ಣಪ್ಪ, ಬಂಟ್ವಾಳದಲ್ಲಿ ನಾನು. ಪರೀಕ್ಷೆ ಪಾಸು ಮಾಡಿ, ಸರಕಾರದ ಲೈಸೆನ್ಸ್ ಪಡೆದು, ಮಿಲಿಟರಿಯವರು ಹರಾಜು ಹಾಕಿದ ಹಳೇ ಸೆಟ್ಟುಗಳನ್ನು ರಿಪೇರಿ ಮಾಡಿಕೊಂಡ ಧೀಮಂತರು. ದಿನಾ ಸಂಜೆ "ನನ್ನ ಮಾತು ಕೇಳಿಸುತ್ತದೆಯೇ? ಓವರ್" ಎಂದು ಒಬ್ಬ ಕೇಳುವುದು, "ಕೇಳಿಸುತ್ತದೆ, ಓವರ್" ಎಂದು ಇನ್ನೊಬ್ಬ ಹೇಳುವುದು. ಆಮೇಲೆ ಮಾತಾಡಲಿಕ್ಕೆ ನಮಗೆ ಏನೂ ಇರುತ್ತಿರಲಿಲ್ಲ.

ನನ್ನ ಹೆಂಡತಿ ಶಶಿಪ್ರಭಾಳಿಗೆ ಈ ಸೆಟ್ಟನ್ನು ಕಂಡರೆ ಆಗದು. ಹೋದ ವರ್ಷದ ನೆರೆಯಲ್ಲಿ ಬೈಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಮುಡಿಗಳು ನೆನೆದು, ಮಳೆಗಾಲವಿಡೀ ಮುಗ್ಗಲು ವಾಸನೆಯ ಗಂಜಿ ಉಂಡದ್ದನ್ನು ಅವಳು ಮರೆತಿರಲಿಲ್ಲ. ನಾನು ಸಂಘದ ಯೋಜನೆಯನ್ನು ವಿವರಿಸಿದೆ. ನೀರು ಮೊದಲು ಏರುವುದು ಬೆಳ್ತಂಗಡಿಯ ಕಡೆ. ನಿತ್ಯಾನಂದ ಅಲ್ಲಿಂದ ಹೇಳುತ್ತಾನೆ, ಎತ್ತರದಲ್ಲಿರುವ ಧರ್ಣಪ್ಪ ಕೇಳಿ ನನಗೆ ದಾಟಿಸುತ್ತಾನೆ, ನಾನು ಪೇಟೆಗೆಲ್ಲ ಸಾರುತ್ತೇನೆ. ಹೊಳೆ ಬರುವ ಮೊದಲೇ ಅಕ್ಕಿ ಅಟ್ಟದಲ್ಲಿ!

"ಆಗಲಿ. ಈ ಸಲ ಅಕ್ಕಿ ನೆನೆದರೆ ನಿಮ್ಮ ಪೆಟ್ಟಿಗೆ ಹೊಳೆಗೆ" ಎಂದಳು. ಹೇಳಿದ್ದನ್ನು ಮಾಡುವ ಹೆಂಗಸು ಅವಳು.

ಮಳೆಗಾಲದ ನಡುವೆ, ಆಟಿ ತಿಂಗಳಲ್ಲಿ ಮಳೆ ಹಿಡಿಯಿತು. ನನಗೆ ಸಂತೋಷವೋ ಸಂತೋಷ. (ನೆರೆ ಬರುತ್ತದೆಂದು ಹಿಗ್ಗಿದ ಬಂಟ್ವಾಳದವನು ನಾನೊಬ್ಬನೇ ಇರಬೇಕು.) ಬೆಳಗಿನಿಂದ ಸೆಟ್ಟಿನ ಮುಂದೆ ಕುಳಿತೆ. ಬೆಳ್ತಂಗಡಿ ಮೌನ. ಹೊಳೆ ಹಿತ್ತಲಿನ ಮೆಟ್ಟಿಲು ಹತ್ತತೊಡಗಿತು. ಬೆಳ್ತಂಗಡಿ ಆಗಲೂ ಮೌನ. ಆಗ ಹೊಸ ಯೋಚನೆ ಹತ್ತಿತು. ಸೆಟ್ಟಿಗೇ ನೀರು ಹೊಕ್ಕರೆ? ತಂತಿ ಕಿತ್ತು ಸೆಟ್ಟನ್ನು ಕಂಕುಳಲ್ಲಿಟ್ಟು ಎದ್ದೆ.

"ಎಲ್ಲಿಗೆ ಹೊರಟದ್ದು?" ಎಂದಳು ಶಶಿಪ್ರಭಾ.

"ಮೂಡಬಿದ್ರೆಗೆ. ಧರ್ಣಪ್ಪನ ಮನೆ ಎತ್ತರದಲ್ಲಿ ಉಂಟು. ಸೆಟ್ಟನ್ನು ಉಳಿಸಬೇಕಲ್ಲ?"

"ಮತ್ತೆ ಅಕ್ಕಿ?"

"ಹೆದರಬೇಡ ಮಾರಾಯ್ತಿ. ನೀರು ಏರುವ ಸುದ್ದಿ ಸಿಕ್ಕಿದ ಕೂಡಲೇ ಅಲ್ಲಿಂದ ರೇಡಿಯೋದಲ್ಲಿ ಹೇಳ್ತೇನೆ."

"ನಾನು ಯಾವುದರಲ್ಲಿ ಕೇಳುವುದು? ಪೆಟ್ಟಿಗೆ ನಿಮ್ಮ ಕಂಕುಳಲ್ಲಿ ಉಂಟಲ್ಲ?"

"ಅದೆಲ್ಲ ಟೆಕ್ನಿಕಲ್ ವಿಷಯ, ನಿನಗೆ ಅರ್ಥ ಆಗುವುದಿಲ್ಲ" ಎಂದು ಬಸ್ಸು ಹತ್ತಿದೆ. ಅವಳು ಕೇಳಿದ್ದು ನನಗೆ ಅರ್ಥವಾದದ್ದು ಅರ್ಧ ದಾರಿಯಲ್ಲಿ. ಅಷ್ಟರಲ್ಲಿ ಹಿಂದಿನ ರಸ್ತೆ ಮುಳುಗಿತ್ತು.

ಧರ್ಣಪ್ಪನ ಜಗಲಿಯಲ್ಲಿ ನಿತ್ಯಾನಂದ ಕಾಫಿ ಕುಡಿಯುತ್ತಿದ್ದ. ಪಕ್ಕದಲ್ಲಿ ಅವನ ಸೆಟ್ಟು.

"ಮಿಲ್ಲಿನ ಹತ್ತಿರ ನೀರು ಬಂತು ಚಿನ್ನಯ್ಯ. ಸೆಟ್ಟು ಹಾಳಾಗಬಾರದಲ್ಲ?"

"ನನಗೊಂದು ಮಾತು ಹೇಳ್ಲಿಕ್ಕೆ ಆಗಲಿಲ್ವಾ ಮಾರಾಯ?"

"ಹೇಳುವ ಅಂತಲೇ ಇಲ್ಲಿಗೆ ಬಂದದ್ದು. ಕಾಫಿ ಕುಡಿದು ನಿನ್ನನ್ನೇ ಕರೆಯುವವನಿದ್ದೆ."

ಹೀಗೆ ಮೂರು ಊರಿನ ಮೂರು ಸೆಟ್ಟುಗಳು ಒಂದೇ ಜಗಲಿಯಲ್ಲಿ ಬೆಚ್ಚಗೆ ಕುಳಿತವು. ಧರ್ಣಪ್ಪ ಸುಮ್ಮನಿರಲಾರದೆ ಸ್ವಿಚ್ ಹಾಕಿ "ನನ್ನ ಮಾತು ಕೇಳಿಸುತ್ತದೆಯೇ?" ಎಂದ. ಕೇಳಿಸಿತು. ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕೇಳಿಸಿರಲಿಲ್ಲ. ನನಗೆ ಅಳುವೊಂದು ಬಾಕಿ. ಅಲ್ಲಿ ಹೆಂಡತಿ ನೀರಿನ ನಡುವೆ ಒಬ್ಬಳೇ. ಇಲ್ಲಿ ನನ್ನ ಮುಂದೆ ಬಾಳೆಹಣ್ಣಿನ ಬಿಸಿ ಬನ್ಸು. ಧರ್ಣಪ್ಪ ಎಷ್ಟು ಒತ್ತಾಯ ಮಾಡಿದರೂ ತಟ್ಟೆಯನ್ನು ಅವನ ಕಡೆಗೇ ತಳ್ಳಿದೆ.

ಮರುದಿನ ನಮ್ಮೂರ ಅಂಬಿಗ ಮೂಸಾನ ದೋಣಿಯಲ್ಲಿ, ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಬೀದಿಯನ್ನು ಪ್ರವೇಶಿಸಿದೆ. ಅಟ್ಟ ಹತ್ತಿ ನೋಡಿದರೆ ನಮ್ಮ, ಬೀದಿಯವರ ಅಕ್ಕಿಮುಡಿಗಳೆಲ್ಲ ಅಲ್ಲಿ, ನೆರೆಕರೆಯವರೆಲ್ಲ ಅಲ್ಲಿ, ಅವರ ಕೋಳಿಗಳೂ ಅಲ್ಲಿ. ಶಶಿಪ್ರಭಾ ಗಂಜಿ ಬಡಿಸುತ್ತಿದ್ದಳು.

"ಅಕ್ಕಿ ನೆನೆಯಲಿಲ್ವಾ? ನಿನಗೆ ಯಾರು ಹೇಳಿದ್ದು?"

"ಯಾರು ಹೇಳಬೇಕು? ನೀರು ಮೆಟ್ಟಿಲಲ್ಲಿ ಉಂಟು, ಗಂಡ ಬಸ್ಸಿನಲ್ಲಿ ಉಂಟು. ಮತ್ತೆ ಕಾಯುವುದು ಯಾರಿಗೆ? ಬೀದಿಯವರನ್ನೆಲ್ಲ ಕೂಗಿ ಕರೆದು ಅಕ್ಕಿ ಅಟ್ಟಕ್ಕೆ ಏರಿಸಿದೆ."

ಆ ಹೊತ್ತಿಗೆ ತಾಲೂಕು ಕಚೇರಿಯ ಸಾಹೇಬರು ಇನ್ನೊಂದು ದೋಣಿಯಲ್ಲಿ ಬಂದು ಅಟ್ಟ ಹತ್ತಿದರು.

"ಇಡೀ ಪೇಟೆಯಲ್ಲಿ ನಿಮ್ಮ ಬೀದಿಯವರ ಅಕ್ಕಿ ಮಾತ್ರ ಉಳಿದಿದೆ. ನಿಮಗೆ ಮೊದಲೇ ಹೇಗೆ ಗೊತ್ತಾಯ್ತಮ್ಮಾ?"

ನಾನು ಕಣ್ಣು ಮುಚ್ಚಿಕೊಂಡೆ. ಮಾನವೂ ಸೆಟ್ಟೂ ಒಟ್ಟಿಗೆ ಹೊಳೆಗೆ ಹೋಗುವ ಗಳಿಗೆ.

"ಇವರೇ ರೇಡಿಯೋದಲ್ಲಿ ಹೇಳಿದ್ದು" ಎಂದಳು ಶಶಿಪ್ರಭಾ, ನನ್ನ ಮುಖ ನೋಡದೆ.

ನನಗೆ ಕಣ್ಣು ತುಂಬಿ ಬಂತು. ಎಂಥಾ ಹೆಂಡತಿ! (ಯಾವ ಪೆಟ್ಟಿಗೆಯಲ್ಲಿ ಕೇಳಿಸಿತೆಂದು ಸಾಹೇಬರು ವಿಚಾರಿಸಲಿಲ್ಲ. ನೆರೆಕರೆಯವರ ಬಾಯಲ್ಲಿ ಗಂಜಿ ಇತ್ತು.) ಸಾಹೇಬರು ನನ್ನ ಎರಡೂ ಕೈ ಹಿಡಿದುಕೊಂಡರು.

"ಇಂಥವರು ಬೇಕು ಮಾಸ್ಟ್ರೇ! ಇನ್ನು ಮೇಲೆ ಮಳೆಗಾಲ ಮುಗಿಯುವವರೆಗೆ ನೀವು ಹಗಲೂ ರಾತ್ರಿ ಸೆಟ್ಟಿನ ಮುಂದೆ ಇರಬೇಕು. ಶಾಲೆಗೆ ನಾನು ಹೇಳ್ತೇನೆ. ಆದರೆ ಕೂತುಕೊಳ್ಳುವುದು ಎಲ್ಲಿ? ಅಟ್ಟದಲ್ಲಿ ಜಾಗವೇ ಇಲ್ವಲ್ಲ?"

"ಹೆಂಚಿನ ಮಾಡಿನ ಮೇಲೆ ಉಂಟು ಸಾಹೇಬ್ರೇ" ಎಂದಳು ಶಶಿಪ್ರಭಾ, ನನ್ನ ಕೈಗೆ ಗಂಜಿಯ ಬಟ್ಟಲು ಕೊಡುತ್ತಾ. "ಅಲ್ಲಿಗೆ ಮೂಡಬಿದ್ರೆಯ ಬಸ್ಸು ಬರುವುದಿಲ್ಲ."