ಬೆಟ್ಟಕ್ಕೆ ಬಡಿಸಿದ ಊಟ

ಬೆಳಿಗ್ಗೆ ಹೊರಡುವಾಗ ಒಂದು ತುಂಡು ಬ್ರೆಡ್ಡು ಬಾಯಿಗೆ ಹಾಕಿಕೊಂಡಿದ್ದರೆ ಚಿರೀನೊ ಈ ಫಜೀತಿಗೆ ಸಿಕ್ಕಿಬೀಳುತ್ತಿರಲಿಲ್ಲ. ಆದರೆ ಎಟ್ನಾ ಬೆಟ್ಟ ಬಿರಿದು ಲಾವಾ ಊರಿನ ಕಡೆ ಇಳಿಯುತ್ತಿದೆ ಎಂದು ಫೋನು ಬಂದಿತ್ತು. ಬೆಟ್ಟದ ಹೊಗೆ ಅಳೆಯಲು ಡ್ರೋನ್ ಹಾರಿಸುವುದು ಅವನ ಕೆಲಸ. ಎರಡು ಡ್ರೋನನ್ನು ಬೆಟ್ಟ ಆಗಲೇ ನುಂಗಿ ಕೂತಿತ್ತು. "ಇದೂ ಹೋಯ್ತೋ, ಇದರ ಹಿಂದೇನೇ ನೀನೂ ಹೋಗ್ತೀಯ," ಎಂದಿದ್ದರು ಸಾಹೇಬರು.

ಹೊಗೆ ಅಳೆದು ವಾಪಸು ಬರುವಾಗ ಬ್ಯಾಟರಿ ಕೈಕೊಟ್ಟಿತು. ಡ್ರೋನು ಕುಡುಕನ ಹಾಗೆ ತೂರಾಡುತ್ತ ಹೋಗಿ ವೆನೆರಾ ಅಜ್ಜಿಯ ಹಿತ್ತಿಲಲ್ಲಿ ಬಿತ್ತು. ಲಾವಾ ಬರುತ್ತಿದ್ದದ್ದೂ ನೆಟ್ಟಗೆ ಅವಳ ಮನೆಗೇ!

ಅಜ್ಜಿ ಮನೆ ಗುಡಿಸಿ, ಮೇಜಿಗೆ ಇಸ್ತ್ರಿ ಮಾಡಿದ ಬಟ್ಟೆ ಹಾಸಿ, ಬ್ರೆಡ್ಡು, ವೈನು ಇಟ್ಟು, ಬಾಗಿಲು ತೆರೆದಿಟ್ಟು ಹೊರಗೆ ನಿಂತಿದ್ದಳು. ಮನೆ ನುಂಗಲು ಬರುವ ಬೆಟ್ಟವನ್ನು ಆ ಊರಿನವರು ಹೀಗೆಯೇ ಬರಮಾಡಿಕೊಳ್ಳುವುದು.

"ಅಜ್ಜೀ, ಒಂದೇ ನಿಮಿಷ, ನನ್ನ ಡ್ರೋನು..."

"ಒಳಗೆ ಕಾಲಿಟ್ಟೀಯ, ಜೋಕೆ! ಬಡಿಸಿ ಆಗಿದೆ. ಆ ಬೆಟ್ಟದಮ್ಮನ ಮೂಗಿನೊಳಗೆ ಆ ಹುಳ ಬಿಟ್ಟೋನು ನೀನೇ ಅಲ್ವೇನೋ? ಅದಕ್ಕೇ ಸೀನಿದಾಳೆ!"

"ಎಲ್ಲಾ ಇವನದೇ ಕಿತಾಪತಿ," ಎಂದು ಪಕ್ಕದ ಮನೆಯ ಕ್ಷೌರಿಕ ಫಿಲಾದೆಲ್ಫೊ ಉರಿಗೆ ತುಪ್ಪ ಸುರಿದ.

ಲಾವಾಕ್ಕೆ ಅಡ್ಡ ಹಿಡಿಯುವ ಸಂತನ ಮೂರ್ತಿ ತರಲು ಎಲ್ಲರೂ ಚರ್ಚಿಗೆ ಹೋದದ್ದೇ ತಡ, ಚಿರೀನೊ ಒಳಗೆ ನುಗ್ಗಿದ. ಹಿತ್ತಿಲಲ್ಲಿ ಡ್ರೋನು ಸಿಕ್ಕಿತು. ಮರಳುವಾಗ ಬ್ರೆಡ್ಡು ಕಣ್ಣಿಗೆ ಬಿತ್ತು. ಹೇಗಿದ್ದರೂ ಸುಟ್ಟುಹೋಗುವುದು ತಾನೇ ಎಂದು ಒಂದು ತುಂಡು ಮುರಿದ. ಒಣ ಬ್ರೆಡ್ಡು ಇಳಿಯಲಿಲ್ಲ, ವೈನು ಗುಟುಕರಿಸಿದ. ನೋಡುನೋಡುತ್ತಲೇ ತಟ್ಟೆಯೂ ಖಾಲಿ, ಹೂಜಿಯೂ ಖಾಲಿ.

ಡ್ರೋನನ್ನು ತನ್ನ ಮನೆಯ ಊಟದ ಮೇಜಿನ ಮೇಲಿಟ್ಟು, "ಡ್ರೋನು ಭದ್ರವಾಗಿದೆ ಸಾರ್," ಎಂದು ಫೋನು ಮಾಡಿ, ಗಾಡಿ ತರಲು ಹೋದ. ಎಷ್ಟೋ ದಿನಗಳ ಮೇಲೆ ಅವನ ಬಾಯಲ್ಲಿ ಸಿಳ್ಳೆ ಬಂತು.

ಅತ್ತ ಲಾವಾ ಅಜ್ಜಿಯ ಹೊಸಿಲ ಮುಂದೆ ಗಕ್ಕನೆ ನಿಂತು, ಪಕ್ಕದ ಓಣಿಗೆ ತಿರುಗಿತ್ತು. ಓಣಿಯ ಕೊನೆಯ ಮನೆಯೇ ಚಿರೀನೊನದು. ಅವನು ಎದ್ದುಬಿದ್ದು ಓಡಿಬಂದಾಗ ಬಾಗಿಲು ತೆರೆದಿತ್ತು. ಫಿಲಾದೆಲ್ಫೊ ಎರಡೂ ಕೈ ಚಾಚಿ ಅಡ್ಡ ನಿಂತಿದ್ದ.

"ಹೆದರಬೇಡ ಮಗಾ!" ಅಜ್ಜಿ ಕುಣಿಯುವುದೊಂದು ಬಾಕಿ. "ನಮ್ಮನೇಲಿ ಒಂದು ಚೂರೂ ಬಿಡದೆ ಉಂಡು ಹೋಗಿದಾಳೆ! ಮನೆ ಉಳೀತು! ಇಲ್ಲೂ ನಾನೇ ಬಡಿಸಿದೀನಿ."

"ಅಜ್ಜೀ, ಮೇಜಿನ ಮೇಲೆ ನನ್ನ ಡ್ರೋನಿದೆ!"

"ಹೂಂ, ಬ್ರೆಡ್ಡಿನ ಪಕ್ಕಕ್ಕೆ ಸರಿಸಿಟ್ಟಿದೀನಿ."

"ಬಿಡ್ರೋ! ನನ್ನ ಕೆಲಸ ಹೋಗತ್ತೆ!"

"ಬಡಿಸಿದ ಮೇಲೆ ಒಳಗೆ ಹೋಗಂಗಿಲ್ಲ ಕಣೋ," ಎಂದ ಫಿಲಾದೆಲ್ಫೊ. "ಹೊಟ್ಟೆ ತುಂಬಿದೋಳು, ವಾಸನೆ ನೋಡಿ ಹೋಗ್ತಾಳೆ."

ಅಂಗಳದ ನಿಂಬೆಗಿಡ ಚಟಪಟ ಉರಿಯತೊಡಗಿತು. ಚಿರೀನೊನಿಗೆ ಅಳುವೇ ಬಂದುಬಿಟ್ಟಿತು.

"ಅವಳು ತಿಂದಿಲ್ಲ! ತಿಂದಿದ್ದು ನಾನು! ಬ್ರೆಡ್ಡು, ವೈನು, ಎಲ್ಲಾ ನಾನೇ!"

ಫಿಲಾದೆಲ್ಫೊನ ಕೈಗಳು ಕೆಳಗಿಳಿದವು. ಸದ್ಯ, ಬಿಟ್ಟರಲ್ಲ ಎಂದು ಚಿರೀನೊ ಒಳಗೆ ಹೆಜ್ಜೆಯಿಟ್ಟ. ಅಷ್ಟರಲ್ಲಿ ಅಜ್ಜಿ ಅವನ ಕಾಲರು ಹಿಡಿದು ಹೊರಗೆಳೆದಳು. ಲಾವಾ ನೋಡುತ್ತ ಅವಳ ಕಣ್ಣು ತುಂಬಿ ಬಂದಿತ್ತು.

"ಅಯ್ಯೋ ಪಾಪ! ಹಾಗಾದ್ರೆ ಬೆಳಿಗ್ಗೆಯಿಂದ ಉಪವಾಸ ಇದಾಳೆ! ದಾರಿ ಬಿಡೋ ಹೊಟ್ಟೆಬಾಕ, ಮೊದಲು ಅವಳು ಉಣ್ಣಲಿ!"