ಮಾವ ಬಣ್ಣ ತಿರುಗಿದ ಬೇಸಿಗೆ

ನಮ್ಮ ಸೋದರಮಾವ ಕಳೆದ ಬೇಸಿಗೆಯಲ್ಲಿ ಹಕ್ಕಿಯಾಗಲು ಹೊರಟಿದ್ದರು. ಪೂರ್ತಿ ಹಕ್ಕಿಯಲ್ಲ, ಬಣ್ಣದ ಮಟ್ಟಿಗೆ ಮಾತ್ರ. ರೆಕ್ಕೆಯ ಆಸೆ ಅವರಿಗೆ ಇರಲಿಲ್ಲವೆಂದು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಈ ಸಂಕಲ್ಪ ಆದದ್ದು ಐರೋಲಿಯ ಅವರ ಮನೆಯ ಹಾಲ್‌ನಲ್ಲಿ, ಒಂದು ಭಾನುವಾರ ಸಂಜೆಯ ಚಹಾದ ಹೊತ್ತಿಗೆ. ಅಲ್ಲಿದ್ದವರು ಮಾವ, ಅತ್ತೆ, ಎದುರು ಫ್ಲ್ಯಾಟಿನ ಮರಾಠಿ ಕಾಕು, ಮತ್ತು ಡೊಂಬಿವಲಿಯಿಂದ ಹೊರಟು ಥಾಣೆಯಲ್ಲಿ ಗಾಡಿ ಬದಲಿಸಿ ಬಂದ ನಾನು. ಕಾಕು ಯಾಕೆ ಬಂದಿದ್ದರೆಂದು ಕೇಳಬೇಡಿ. ಅವರು ಯಾವಾಗಲೂ ಬಂದೇ ಇರುತ್ತಾರೆ.

ಮಾವ ಕಲ್ಯಾಣದ ಒಂದು ಹೋಟೆಲಿನ ಗಲ್ಲಾದ ಮೇಲೆ ಆಯುಷ್ಯ ಕಳೆದವರು. ಲೋಕದಲ್ಲಿ ಏನನ್ನು ಕಂಡರೂ ಅವರ ಕಣ್ಣಿಗೆ ಅದು ಹೋಟೆಲೇ. ಕೆಲಸ ಬಿಟ್ಟು ಐರೋಲಿಗೆ ಬಂದ ಮೇಲೆ, ಬೆಳಿಗ್ಗೆ ತಿರುಗಾಡಲು ಹೋದಲ್ಲಿ ಖಾಡಿಯ ಹಿನ್ನೀರಿನಲ್ಲಿ ಫ್ಲೆಮಿಂಗೊ ಹಕ್ಕಿಗಳನ್ನು ಕಂಡರು. ಕಂಡ ದಿನವೇ ಅವಕ್ಕೆ ‘ಗಿರಾಕಿಗಳು’ ಎಂದು ಹೆಸರಿಟ್ಟರು.

"ಚಳಿಗೆ ಬರ್ತಾವೆ, ಮಳೆಗೆ ಹೋಗ್ತಾವೆ. ನಡುವೆ ಇಡೀ ದಿನ ತಿನ್ನುವುದೇ ಕೆಲಸ ಮಾರಾಯ. ಟೇಬಲ್ ಬಿಟ್ಟು ಏಳುವುದೇ ಇಲ್ಲ. ನಮ್ಮ ಹೋಟೆಲಿನಲ್ಲಾದರೆ ನಾನು ಫ್ಯಾನ್ ಬಂದ್ ಮಾಡಿಸ್ತಿದ್ದೆ."

ಅಂದು ಸಂಜೆ ಮಾವ ನಮಗೆ ವಿಜ್ಞಾನ ಬಡಿಸುತ್ತಿದ್ದರು. ಈ ಹಕ್ಕಿ ಹುಟ್ಟುವಾಗ ಬೂದು ಬಣ್ಣವಂತೆ. ತಲೆ ಕೆಳಗೆ ಮಾಡಿ ಕೊಕ್ಕನ್ನು ನೀರಿಗೆ ಹಾಕುತ್ತದಂತೆ. ಕೊಕ್ಕಿನೊಳಗೆ ಚಹಾ ಸೋಸುವ ಜರಡಿಯಂಥದ್ದು ಇದ್ದು, ನೀರು ಹೊರಗೆ ಹೋಗಿ ಪಾಚಿ ಒಳಗೆ ಉಳಿಯುತ್ತದಂತೆ. ಆ ಪಾಚಿಯಲ್ಲಿರುವ ಕ್ಯಾರೊಟಿನ್ ಮೈಗೆ ಹತ್ತಿ ಗರಿ ಗುಲಾಬಿಯಾಗುತ್ತದಂತೆ. ಪಾಚಿ ಅಷ್ಟು ಸೊಂಪಾಗಿ ಬೆಳೆಯುವುದಕ್ಕೆ ಕಾರಣ ಯಾರು?

"ನಾವು! ನಮ್ಮ ಮೋರಿಯ ನೀರು ಖಾಡಿಗೆ ಹೋಗ್ತದೆ, ಅದರಲ್ಲಿ ಪಾಚಿ ಕೊಬ್ಬುತ್ತದೆ, ಪಾಚಿ ತಿಂದು ಹಕ್ಕಿ ಗುಲಾಬಿ ಆಗ್ತದೆ. ಅಂದರೆ ಆ ಬಣ್ಣದಲ್ಲಿ ಈ ಕಟ್ಟಡದ ಪ್ರತಿಯೊಬ್ಬರ ಕೈಯೂ ಉಂಟು."

"ಕೈ ಅಲ್ಲ" ಎಂದರು ಅತ್ತೆ.

ಮಾವ ಅದನ್ನೇ ಮರಾಠಿಯಲ್ಲಿ ಕಾಕುವಿಗೂ ವಿವರಿಸಿದರು. ಕಾಕು ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು.

ಇಷ್ಟೆಲ್ಲ ಪಾಠ ಯಾರಿಗಾಗಿ? ನನಗಂತೂ ಅಲ್ಲ. ಅತ್ತೆ ಎರಡು ವರ್ಷದಿಂದ ಹೊಸಿಲು ದಾಟಿರಲಿಲ್ಲ. ಸ್ಟೇಷನ್ನಿನ ಮೆಟ್ಟಿಲಿನಲ್ಲಿ, ಜನರ ನೂಕಿನ ನಡುವೆ, ಕಾಲು ಜಾರಿ ಬಿದ್ದಿದ್ದರು. ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಕಾಲು ಸರಿಯಾಗಿದೆ, ಈಗ ನಡೆಯದಿದ್ದರೆ ಇದ್ದ ಬಲವೂ ಹೋಗುತ್ತದೆ ಎಂದು ಡಾಕ್ಟರು ಹೇಳಿಯೇ ಇದ್ದರು. ಅತ್ತೆ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತರು. ತರಕಾರಿಯ ಭಾಜಿವಾಲನನ್ನು, ವಾಚ್‌ಮನ್ನನ್ನು, ಸೊಸೈಟಿಯ ಸೆಕ್ರೆಟರಿಯನ್ನು ಅಲ್ಲಿಂದಲೇ ನಡೆಸಿದರು. ತಾವು ಮಾತ್ರ ನಡೆಯಲಿಲ್ಲ. ಮಾವ ದೇವಸ್ಥಾನಕ್ಕೆ ಕರೆದರು, ಮದುವೆಗೆ ಕರೆದರು. ಕೊನೆಗೆ ಸೀರೆ ಅಂಗಡಿಗೂ ಕರೆದರು. ಅದಕ್ಕೂ "ಬೇಡ" ಎಂದಾಗ ಅವರು ನಿಜವಾಗಿ ಹೆದರಿದರು.

"ಒಮ್ಮೆ ಖಾಡಿಗೆ ಬಾ. ಮಳೆ ಬಂದರೆ ಮತ್ತೆ ಅವು ಸಿಗುವುದಿಲ್ಲ" ಎಂದರು ಮಾವ ಅಂದು.

"ತಿಂದದ್ದಕ್ಕೆ ಬಣ್ಣ ಬರ್ತದಂತೆ! ನಿಮ್ಮ ಹೋಟೆಲಿನ ಶಿರಾ ತಿಂದು ಯಾರಾದರೂ ಕೇಸರಿ ಆದದ್ದುಂಟಾ? ನಿಮಗೆ ಹಾಗೆ ಬಣ್ಣ ಬಂದ ದಿನ ಹೇಳಿ, ನಾನು ಬರ್ತೇನೆ."

"ಮಾತು ಬದಲಿಸ್ಬಾರ್ದು."

"ಕಾಕು ಸಾಕ್ಷಿ."

ಕನ್ನಡ ಬಾರದ ಕಾಕು ಗಂಭೀರವಾಗಿ ತಲೆಯಾಡಿಸಿದರು.

ಮರುದಿನದಿಂದ ಬೆಳಿಗ್ಗೆ ಕ್ಯಾರೆಟ್ ರಸ, ಮಧ್ಯಾಹ್ನ ಕ್ಯಾರೆಟ್ ಪಲ್ಯ ಮತ್ತು ಸಿಹಿಗುಂಬಳದ ಹುಳಿ, ಸಂಜೆ ಹಸಿ ಕ್ಯಾರೆಟ್, ರಾತ್ರಿ ಪಪ್ಪಾಯಿ. ಭಾಜಿವಾಲ ಒಂದು ವಾರ ಸುಮ್ಮನಿದ್ದು ಆಮೇಲೆ ತಡೆಯಲಾರದೆ ಕೇಳಿದನಂತೆ, "ಅಣ್ಣಾ, ಘೋಡಾ ಪಾಲಾ ಹೈ ಕ್ಯಾ?" ಮನೆಯಲ್ಲಿ ಕುದುರೆ ಸಾಕಿದ್ದಾರೆಂದೇ ಅವನ ಲೆಕ್ಕ.

ಮೂಲ ಪಾಚಿಯನ್ನೇ ತಿಂದರೆ ಕೆಲಸ ಬೇಗ ಆಗುತ್ತದೆಂಬ ಯೋಚನೆಯೂ ಬಂದಿತ್ತು. ಒಂದು ಬೆಳಿಗ್ಗೆ ಖಾಡಿಯ ಹಸಿರು ನೀರನ್ನು ಬಾಟ್ಲಿಯಲ್ಲಿ ತುಂಬಿ ತಂದು ಬಾಗಿಲಲ್ಲಿ ನಿಂತರು. ಅತ್ತೆ ಮೂಗು ಮುಚ್ಚಿಕೊಂಡು, "ಅದು ಒಳಗೆ ಬಂದರೆ ನಾನು ಹೊರಗೆ ಹೋಗ್ತೇನೆ" ಎಂದರು.

ಮಾವನ ಮುಖ ಅರಳಿತು. "ಹೋಗ್ತೀಯಾ?"

ಅತ್ತೆ ಹೋಗಲಿಲ್ಲ. ಬಾಟ್ಲಿ ಹೋಯಿತು.

ದಿನಾ ಬೆಳಿಗ್ಗೆ ಮಾವ ಅಂಗೈಯ ಫೋಟೋ ತೆಗೆದು ನನಗೆ ಕಳಿಸುತ್ತಿದ್ದರು. ಕೆಳಗೆ ಒಂದೇ ಪ್ರಶ್ನೆ: "ಬಂತಾ?" ಡೊಂಬಿವಲಿಯ ಲೋಕಲಿನಲ್ಲಿ ಒಂದೇ ಕಾಲಲ್ಲಿ ನಿಂತು ನಾನು ಆ ಅಂಗೈಯನ್ನು ದೊಡ್ಡದು ಮಾಡಿ ನೋಡುತ್ತಿದ್ದರೆ, ನನ್ನ ಹೆಗಲ ಮೇಲೆ ಗಲ್ಲವಿಟ್ಟು ನಿಂತ ಅಪರಿಚಿತರೊಬ್ಬರು ತಾವೂ ನೋಡಿ ಸಮಾಧಾನ ಹೇಳಿದರು, "ಲೈಫ್ ಲೈನ್ ಅಚ್ಛಾ ಹೈ."

ದಿನವೂ ನೋಡುವ ಕಣ್ಣಿಗೆ ಬಣ್ಣ ಬಂದದ್ದು ಗೊತ್ತಾಗುತ್ತದೆಯೇ? ಬಣ್ಣ ಬಂದೇ ಬಂತು, ನಮಗಿಬ್ಬರಿಗೂ ತಿಳಿಯಲಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ನಾನೂ ಅಲ್ಲೇ ಇದ್ದೆ. ಅತ್ತೆ ದೋಸೆ ಹಾಕಿ ತಟ್ಟೆ ಮುಂದೆ ಮಾಡಿದರು, ಮಾವ ಕೈ ಚಾಚಿದರು. ಕಿಟಕಿಯ ಬಿಸಿಲು ನೇರ ಆ ಕೈಗೆ ಬಿತ್ತು. ಅತ್ತೆ ತಟ್ಟೆ ಬಿಡಲಿಲ್ಲ, ಕೊಡಲೂ ಇಲ್ಲ. ಅಂಗೈ ಅರಿಶಿನ ಮೆತ್ತಿದ ಹಾಗಿತ್ತು. ಮೂಗಿನ ಪಕ್ಕವೂ ಹಾಗೆಯೇ. ಅಂಗಾಲು ನೋಡಿದರೆ ಅಲ್ಲೂ.

"ಕಾಮಾಲೆ" ಎಂದರು ಅತ್ತೆ. ಅವರ ಒಬ್ಬನೇ ತಮ್ಮ ಕಾಮಾಲೆಯಲ್ಲೇ ಹೋದವನು.

ಪಂಥದ ಮಾತು ಅವರ ತಲೆಯಿಂದ ಹಾರಿ ಎಷ್ಟೋ ದಿನವಾಗಿತ್ತು. ಮಾವನ ಹುಚ್ಚುಗಳನ್ನೆಲ್ಲ ನೆನಪಿಟ್ಟುಕೊಂಡು ಸಂಸಾರ ಮಾಡಲಿಕ್ಕಾಗುತ್ತದೆಯೇ? ಕಾಕು ಓಡಿ ಬಂದರು. ನೋಡಿದವರೇ "ಕಾವೀಳ!" ಎಂದು ಕೂಗಿ, ಕಲ್ಯಾಣದಲ್ಲಿ ಇದಕ್ಕೆ ಮಂತ್ರಿಸಿದ ಮಾಲೆ ಹಾಕುವವರೊಬ್ಬರು ಇದ್ದಾರೆ ಎಂದರು. ಅತ್ತೆ ದೋಸೆಯ ತಟ್ಟೆಯನ್ನು ಒಳಗಿಟ್ಟು, ಗಂಜಿ ಎಂದರು, ನೆಲನೆಲ್ಲಿ ಎಂದರು.

ಮಾವನಿಗೆ ಆಗಷ್ಟೇ ತಮ್ಮ ಗೆಲುವು ಕಣ್ಣಿಗೆ ಬಿದ್ದಿತ್ತು. "ಅಲ್ಲ ಮಾರಾಯ್ತಿ, ಇದು ಬಣ್ಣ…"

"ಮಾತಾಡ್ಬೇಡಿ. ಲಿವರಿಗೆ ಆಯಾಸ ಆಗ್ತದೆ. ನೀನು ಹೋಗಿ ರಿಕ್ಷಾ ನಿಲ್ಲಿಸು ಮಗಾ, ನಾನು ಇವರನ್ನು ಕರ್ಕೊಂಡು ಬರ್ತೇನೆ."

ನಾನು ಬಾಗಿಲ ತನಕ ಹೋಗಿ ಹಿಂದೆ ನೋಡಿದೆ. ಅತ್ತೆ ಚಪ್ಪಲಿ ಹುಡುಕುತ್ತಿದ್ದರು. ಎರಡು ವರ್ಷದಿಂದ ಹಾಕದ ಚಪ್ಪಲಿ, ಶೂ ಡಬ್ಬದ ಹಿಂದೆ ಎಲ್ಲೋ ಸೇರಿಕೊಂಡಿತ್ತು. ಸಿಗಲಿಲ್ಲ. ಕಾಕುವಿನ ಚಪ್ಪಲಿ ಮೆಟ್ಟಿದರು, ಮಾವನ ಕೈ ಹಿಡಿದರು, ಹೊಸಿಲು ದಾಟಿದರು. ಲಿಫ್ಟ್ ಅಂದು ಕೆಟ್ಟಿತ್ತು. ಮೆಟ್ಟಿಲು ಇಳಿದರು.

ಒಂದು ಮಹಡಿ ಇಳಿಯುವ ಹೊತ್ತಿಗೆ ಮಾವನಿಗೆ ತಿಳಿಯಿತು, ಏನಾಗುತ್ತಿದೆ ಎಂದು. ಅತ್ತೆಯ ತಲೆಯ ಮೇಲಿನಿಂದ, ರಿಕ್ಷಾ ಮರೆತು ಜೊತೆಗೇ ಇಳಿಯುತ್ತಿದ್ದ ನನ್ನನ್ನು ನೋಡಿ, ಕಿತ್ತಳೆ ಬಣ್ಣದ ಬೆರಳನ್ನು ತುಟಿಗೆ ಒತ್ತಿ ಹಿಡಿದರು. ಮರುಕ್ಷಣ ಕಣ್ಣು ಅರ್ಧ ಮುಚ್ಚಿ, ಸಣ್ಣದಾಗಿ ನರಳಿ, ಅತ್ತೆಯ ಹೆಗಲಿಗೆ ಭಾರ ಹಾಕಿದರು. ಕಲ್ಲಿನ ಹಾಗಿದ್ದ ಮನುಷ್ಯ!

"ಮೆಲ್ಲ… ಮೆಲ್ಲ… ನನ್ನನ್ನು ಹಿಡ್ಕೊಳ್ಳಿ, ನಾನಿದ್ದೇನೆ" ಎನ್ನುತ್ತ ಅತ್ತೆ ಒಂದೊಂದೇ ಮೆಟ್ಟಿಲು ಇಳಿಸಿದರು. ಯಾರು ಯಾರನ್ನು ಇಳಿಸಿದ್ದು ಎಂದು ನನಗೆ ಇವತ್ತಿಗೂ ಹೇಳಲು ಬಾರದು.

ದವಾಖಾನೆಯಲ್ಲಿ ಡಾಕ್ಟರು ಮಾವನ ಕೆಳರೆಪ್ಪೆ ಎಳೆದು ಟಾರ್ಚು ಬಿಟ್ಟರು. ಬಿಳಿ. ಇನ್ನೊಂದು ಕಣ್ಣು, ಅದೂ ಬಿಳಿ. ಕಾಮಾಲೆಯಾದರೆ ಕಣ್ಣು ಹಳದಿಯಾಗದೆ ಇರುವುದಿಲ್ಲ ಎಂದರು. "ಏನು ತಿನ್ನುತ್ತೀರಿ?"

ಮಾವ ಕ್ಷಣ ತಡೆದು, ನಮ್ಮ ಹೋಟೆಲುಗಳಲ್ಲಿ ವೇಟರು ಹೇಳುವಂತೆ, ಒಂದೇ ಉಸಿರಿನಲ್ಲಿ ಇಡೀ ಮೆನು ಒಪ್ಪಿಸಿದರು. ಕ್ಯಾರೆಟಿನಿಂದ ಪಪ್ಪಾಯಿಯವರೆಗೆ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ರಕ್ತವನ್ನು ಒಮ್ಮೆ ನೋಡಿಬಿಡೋಣ, ಆದರೆ ಇದು ರೋಗವಲ್ಲ, ಕ್ಯಾರೆಟ್ ಬಿಟ್ಟರೆ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ ಎಂದರು.

"ಅಂದರೆ… ತಿಂದದ್ದಕ್ಕೇ ಬಂದ ಬಣ್ಣವಾ?" ಎಂದು ಅತ್ತೆ ಮರಾಠಿಯಲ್ಲಿ ಕೇಳಿದರು.

"ಹೌದು ಆಜಿ, ತಿಂದದ್ದಕ್ಕೇ."

ಅತ್ತೆ ಮಾವನನ್ನು ನೋಡಿದರು. ಮಾವ ಗೋಡೆಯ ಮೇಲಿದ್ದ ಹಲ್ಲಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದರು.

ಹೊರಗೆ ಬಂದು ಗದ್ದಲದ ರಸ್ತೆಯನ್ನು ಕಂಡಾಗಲೇ ಅತ್ತೆಗೆ ತಾವು ಎಲ್ಲಿದ್ದೇವೆಂದು ಗೊತ್ತಾದದ್ದು. ಬಾಗಿಲ ಚೌಕಟ್ಟು ಹಿಡಿದುಕೊಂಡರು. ಈ ಸಲ ಮಾವ ನರಳಲಿಲ್ಲ. ಕೈ ಚಾಚಿ ನಿಂತರು. ರಿಕ್ಷಾ ಹತ್ತಿ, "ಮನೆಗೆ ಹೋಗೋಣ" ಎಂದರು ಮೆತ್ತಗೆ.

"ಖಾಡೀಕಡೆ ಘ್ಯಾ" ಎಂದು ಅತ್ತೆ ರಿಕ್ಷಾದವನಿಗೆ ಹೇಳಿದರು. ಆಮೇಲೆ ನಮ್ಮ ಕಡೆ ನೋಡದೆಯೇ, "ಕಾಕು ಸಾಕ್ಷಿ ಇದ್ದರು. ನಾಳೆ ಮುಖ ತೋರಿಸ್ಬೇಕಲ್ಲ."

ನೀರು ಇಳಿದಿತ್ತು. ಕೆಸರಿನುದ್ದಕ್ಕೂ ಗಿರಾಕಿಗಳು ತಲೆ ಕೆಳಗೆ ಮಾಡಿ ಊಟಕ್ಕೆ ನಿಂತಿದ್ದರು. ಅತ್ತೆ ಕಟ್ಟೆ ಹಿಡಿದು ಒಂದೊಂದೇ ಹಕ್ಕಿಯನ್ನು ನೋಡಿದರು. ಆಮೇಲೆ ಮಾವನ ಕೈಯನ್ನು ಎತ್ತಿ, ಅಂಗಡಿಯಲ್ಲಿ ಸೀರೆಗೆ ರವಿಕೆ ಕಣ ಹಿಡಿದು ನೋಡುವ ಹಾಗೆ, ದೂರದ ಹಕ್ಕಿಗಳ ಪಕ್ಕಕ್ಕೆ ಹಿಡಿದರು. ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು.

"ಮ್ಯಾಚ್ ಆಗುವುದಿಲ್ಲ. ಅದು ಗುಲಾಬಿ, ನಿಮ್ಮದು ಕಿತ್ತಳೆ. ಸೋತಿರಿ."

"ಸೋತೆ" ಎಂದರು ಮಾವ. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಮಳೆ ಬಂತು, ಗಿರಾಕಿಗಳು ಹೋದರು. ಮಾವನ ಕೈ ಮೊದಲಿನ ಬಣ್ಣಕ್ಕೆ ಬಂತು. ಶ್ರಾವಣದಲ್ಲಿ ಅತ್ತೆ ಕಾಕುವನ್ನು ಕರೆದುಕೊಂಡು ಹೋಗಿ ಒಂದು ಸೀರೆ ತಂದರು. ಗುಲಾಬಿ ಮೈ, ಕಿತ್ತಳೆ ಅಂಚು.