ಸಹಿಯ ಕೆಳಗಿನ ಚುಕ್ಕಿ

ಎಲ್ಲದಕ್ಕೂ ಕಾರಣ ಒಂದು ಚುಕ್ಕಿ.

ಕುಲಪತಿಗಳು ಹಿಂದೆ ಮಂತ್ರಿಯಾಗಿದ್ದವರು. ಆಗ ಮನವಿ ತಂದವರಿಗೆಲ್ಲ ಅವರು ಧಾರಾಳವಾಗಿ ಬರೆದುಕೊಡುತ್ತಿದ್ದದ್ದು ಒಂದೇ ಸಾಲು: ‘ತಕ್ಷಣ ಕ್ರಮ ಕೈಗೊಳ್ಳಿ.’ ಬಂದವರು ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಸಹಿಯ ಕೆಳಗೆ ಚುಕ್ಕಿ ಇದ್ದರೆ ಮಾತ್ರ ಕೆಲಸ ಆಗಬೇಕು, ಇಲ್ಲದಿದ್ದರೆ ಕಾಗದ ಕಪಾಟಿಗೆ ಎಂಬ ಗುಟ್ಟು ಗೊತ್ತಿದ್ದದ್ದು ಅವರ ಆಪ್ತ ಸಹಾಯಕ ‘ನೆರಳ’ನಿಗೆ ಮಾತ್ರ.

ಚುನಾವಣೆ ಸೋತು, ಹೇಗೋ ವಿಶ್ವವಿದ್ಯಾಲಯದ ಕುರ್ಚಿ ಸಿಕ್ಕ ದಿನ, ಇನ್ನು ಈ ಆಟ ಸಾಕು ಎಂದುಕೊಂಡು ಅವರು ಚುಕ್ಕಿ ಇಡುವುದನ್ನೇ ಬಿಟ್ಟರು. ಬಿಟ್ಟಿದ್ದನ್ನು ನೆರಳನಿಗೆ ಹೇಳಲು ಮರೆತರು. ಅವನೋ, ಚುಕ್ಕಿಯ ಮಹಿಮೆಯನ್ನು ಇಲ್ಲಿನ ಗುಮಾಸ್ತರಿಗೆಲ್ಲ ಆಗಲೇ ಪಾಠ ಮಾಡಿ ಮುಗಿಸಿದ್ದ.

ಆ ಶುಕ್ರವಾರ ಬೆಳಿಗ್ಗೆ ಅವನು ಬಂದು ಹೇಳಿದ: “ಹಂಗಾಮಿ ಮೇಷ್ಟ್ರಿಗೆ ಇವತ್ತು ಕೊನೇ ದಿನ ಸರ್. ಐದು ಗಂಟೆಗೆ ಬೀಳ್ಕೊಡುಗೆ.”

“ಹಂಗಾಮಿ ಯಾಕೋ? ಖಾಯಂ ಮಾಡಿ ಅಂತ ಮೂರು ತಿಂಗಳ ಹಿಂದೆನೇ ಆದೇಶ ಬರೆದಿದ್ದೀನಲ್ಲ!”

“ಬರೆದಿದ್ರಿ ಸರ್. ಚುಕ್ಕಿ ಇಟ್ಟಿರಲಿಲ್ಲ.”

ನೆರಳು ಹೆಮ್ಮೆಯಿಂದ ಕಪಾಟು ತೆರೆದ. ಒಂದು ವರ್ಷದ ಕಾಗದವೆಲ್ಲ ಅಲ್ಲೇ ನಿದ್ದೆ ಹೊಡೆಯುತ್ತಿತ್ತು.

ಮೇಷ್ಟ್ರು ಕುಲಪತಿಗಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮಂತ್ರಿಗಿರಿಯ ಕಾಲದಲ್ಲಿ ಐದು ಸಲ ಮನವಿ ತಂದಿದ್ದರು. ಐದಕ್ಕೂ ಚುಕ್ಕಿಯಿಲ್ಲದ ಸಹಿ. ಐದು ಸಲವೂ, “ದೊಡ್ಡ ಉಪಕಾರ ಆಯ್ತು ಕಣೋ” ಎಂದು ಹೇಳಿ ಹೋಗಿದ್ದರು. ಅದೆಲ್ಲ ಕುಲಪತಿಗಳಿಗೆ ಈಗ ನೆನಪಾಯಿತು. ಇವತ್ತು ಖಾಯಂ ಆಗದಿದ್ದರೆ ಮೇಷ್ಟ್ರಿಗೆ ಪಿಂಚಣಿಯೂ ಇಲ್ಲ.

ಆದೇಶಕ್ಕೆ ಚುಕ್ಕಿ ಇಟ್ಟು, ತಾವೇ ಹಿಡಿದುಕೊಂಡು ಸೂಪರಿಂಟೆಂಡೆಂಟರ ಬಳಿ ಓಡಿದರು. ಅವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಇದು ಚುಕ್ಕಿಯೋ, ನೊಣ ಕೂತು ಹೋಗಿದ್ದೋ ಗೊತ್ತಾಗ್ತಿಲ್ಲ ಸರ್.”

“ಎದುರಿಗೆ ನಿಂತು ಬಾಯಿಬಿಟ್ಟು ಹೇಳ್ತಿದ್ದೀನಲ್ರೀ!”

“ಹಿಂದೆನೂ ಬಾಯಿಬಿಟ್ಟು ಹೇಳ್ತಿದ್ರಂತಲ್ಲ ಸರ್, ಚುಕ್ಕಿ ಇಡದೆ.”

ಕುಲಪತಿಗಳು ಚುಕ್ಕಿಯನ್ನು ದಪ್ಪ ಮಾಡಿದರು. ಮುಂದಿನ ಮೇಜಿನವರಿಗೆ ಅದೂ ಸಾಲಲಿಲ್ಲ. ಪೆನ್ನಿನ ಮಸಿ ಮುಗಿಯಿತು. ನೆರಳು ಓಡಿಬಂದು ಕಂಠಮಟ್ಟ ತುಂಬಿಕೊಟ್ಟ. ನಾಲ್ಕೂವರೆಗೆ ಕಾಗದ ಕುಲಸಚಿವೆಯ ಮುಂದೆ ಬರುವಾಗ ಚುಕ್ಕಿ ಕೋಟಿನ ಗುಂಡಿಯಷ್ಟಾಗಿತ್ತು.

ಕುಲಸಚಿವೆ ಆ ವಾರವಷ್ಟೇ ಬಂದವರು. ಅವರಿಗೆ ಚುಕ್ಕಿಯ ವಿಷಯ ಗೊತ್ತಿಲ್ಲ, ನಿಯಮ ಗೊತ್ತು.

“ಸಹಿ ಎಲ್ಲಿದೆ ಸರ್? ಎಲ್ಲಾ ಮಸಿಯಲ್ಲಿ ಮುಳುಗಿದೆ. ಇದು ನಡೆಯಲ್ಲ. ಹೊಸದಾಗಿ ಟೈಪ್ ಮಾಡಿಸಿ, ಸೋಮವಾರ ನಾನೇ ನಿಂತು ಮುಗಿಸಿಕೊಡ್ತೀನಿ.”

“ಸೋಮವಾರ ಅವನು ಇರಲ್ಲವಲ್ಲಮ್ಮಾ!”

“ಬಿಡುಗಡೆ ಪತ್ರ ಕೈಗೆ ಸೇರೋವರೆಗೂ ಕೆಲಸದಲ್ಲಿದ್ದ ಹಾಗೇ ಸರ್. ಆದ್ರೆ ನೀವು ಅದಕ್ಕೆ ಇವತ್ತೇ ಸಹಿ ಹಾಕ್ಲೇಬೇಕು.”

ಕುಲಪತಿಗಳೊಳಗೆ ಮಲಗಿದ್ದ ಹಳೇ ಮಂತ್ರಿ ಧಡಕ್ಕನೆ ಎದ್ದು ಕೂತ. ಸಹಿ ಹಾಕುವುದು, ಚುಕ್ಕಿ ಇಡದಿರುವುದು! ಪತ್ರ ನೆಟ್ಟಗೆ ಕಪಾಟಿಗೆ ಹೋಗುತ್ತದೆ. ಸೋಮವಾರ ಮೇಷ್ಟ್ರು ಖಾಯಂ. ಜನ್ಮವಿಡೀ ಆಡಿದ ಮೋಸ ಒಂದು ಸಲವಾದರೂ ಒಳ್ಳೆಯದಕ್ಕೆ ಬಂದೀತೆಂದು ಅವರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟರು.

ಐದು ಗಂಟೆಗೆ ಸಭಾಂಗಣದಲ್ಲಿ ಎಲ್ಲರೆದುರು ‘ತಕ್ಷಣ ಬಿಡುಗಡೆ ಮಾಡಿ’ ಎಂದು ಬರೆದರು. ಸಹಿ ಹಾಕಿದರು. ಮಗುವಿನ ಕೆನ್ನೆಯಿಂದ ಕೈ ತೆಗೆಯುವಷ್ಟು ಮೆಲ್ಲಗೆ ಪೆನ್ನು ಎತ್ತಿದರು.

ಕಂಠಮಟ್ಟ ತುಂಬಿದ್ದ ಪೆನ್ನು. ಒಂದು ಹನಿ ಟಪ್ಪನೆ ಬಿತ್ತು, ಸರಿಯಾಗಿ ಸಹಿಯ ಕೆಳಗೆ, ದುಂಡಗೆ.

“ಏಯ್, ಅದು ನಾನಿಟ್ಟಿದ್ದಲ್ವೋ!”

“ಅರ್ಥ ಆಯ್ತು ಸರ್” ಎಂದು ಕಣ್ಣು ಹೊಡೆದು, ನೆರಳು ಪತ್ರ ಕಿತ್ತುಕೊಂಡು ಓಡಿದ. ಸೂಪರಿಂಟೆಂಡೆಂಟರು ತಕರಾರಿಲ್ಲದೆ ಮೊಹರು ಒತ್ತಿದರು. ಐದೇ ನಿಮಿಷದಲ್ಲಿ ಪತ್ರ ಮೇಷ್ಟ್ರ ಕೈಯಲ್ಲಿತ್ತು.

ಮೇಷ್ಟ್ರು ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ಹತ್ತಿರ ಬಂದು, ಹಳೇ ಬೆಂಚಿನ ಸಲುಗೆಯಲ್ಲಿ ಕುಲಪತಿಗಳ ಹೆಗಲ ಮೇಲೆ ಕೈಯಿಟ್ಟರು.

“ನೀನು ಬರೆದಿದ್ದು ಇಷ್ಟು ಬೇಗ ಆಗಿದ್ದು ಇದೇ ಮೊದಲು” ಎಂದರು. “ದೊಡ್ಡ ಉಪಕಾರ ಆಯ್ತು ಕಣೋ.”